ಮೇಷ್ಟ್ರು ನಡೆದ ಫ್ಯಾಷನ್ ಶೋ

ನನ್ನ ಬಳಿ ಓದಿದವರಿಗೆ ಒಂದು ವಿಷಯ ಚೆನ್ನಾಗಿ ನೆನಪಿರಬಹುದು. ಶಾಲೆಯ ವಾರ್ಷಿಕೋತ್ಸವವಿರಲಿ, ಚರ್ಚಾ ಸ್ಪರ್ಧೆಯಿರಲಿ, ಪ್ರತಿಭಾ ಕಾರಂಜಿಯಿರಲಿ, ವೇದಿಕೆ ಹತ್ತುವ ಮುನ್ನ ನಾನು ನಿಮ್ಮನ್ನು ಶಾಲೆಯ ಉದ್ದನೆಯ ಜಗುಲಿಯಲ್ಲಿ ನಡೆಸುತ್ತಿದ್ದೆ. "ನೆಲ ನೋಡಬೇಡ. ಕೊನೆಯ ಸಾಲಿನವರ ತಲೆಯ ಮೇಲಕ್ಕೆ ದೃಷ್ಟಿ ಇಡು. ಕೈಯನ್ನು ಹಿಡಿದುಕೊಳ್ಳಬೇಡ, ಬಿಟ್ಟುಬಿಡು, ಅದು ತಾನಾಗಿ ಬೀಸುತ್ತದೆ. ನಿಲ್ಲು. ಮನಸ್ಸಿನಲ್ಲಿ ಒಂದು, ಎರಡು ಎಣಿಸು. ಆಮೇಲೆ ತಿರುಗು." ಇದನ್ನು ನಿಮ್ಮಲ್ಲಿ ಎಷ್ಟೋ ಜನ ನನ್ನ ಧ್ವನಿಯಲ್ಲೇ ಅನುಕರಿಸಿ ನಗುತ್ತಿದ್ದಿರಿ ಎಂಬುದೂ ನನಗೆ ಗೊತ್ತು.

ಇದನ್ನು ನಾನು ಬಿ.ಎಡ್. ತರಬೇತಿಯಲ್ಲಿ ಕಲಿತಿರಬೇಕೆಂದು ನೀವು ಭಾವಿಸಿದ್ದಿರಿ. ಹಾಗೆ ಭಾವಿಸಲು ನಾನೂ ಬಿಟ್ಟಿದ್ದೆ. ಸತ್ಯ ಬೇರೆಯೇ ಇದೆ. ಅದನ್ನು ನಾನು ಕಲಿತದ್ದು 1985ರಲ್ಲಿ, ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ಆಸುಪಾಸಿನ ಹೋಟೆಲೊಂದರ ನೆಲಮಾಳಿಗೆಯಲ್ಲಿದ್ದ ನೈಟ್ ಕ್ಲಬ್ಬಿನಲ್ಲಿ. ಅಲ್ಲಿ ನಡೆಯುತ್ತಿದ್ದ ಹವ್ಯಾಸಿಗಳ ಫ್ಯಾಷನ್ ಶೋದಲ್ಲಿ ನಿಮ್ಮ ಕನ್ನಡ ಮೇಷ್ಟ್ರು ಹನ್ನೊಂದು ಸಲ ನಡೆದಿದ್ದಾರೆ.

ನಗಬಹುದು. ಮೊನ್ನೆ ನನ್ನ ಹೆಂಡತಿಗೆ ಹೇಳಿದಾಗ ಅವಳೂ ಮೊದಲು ನಕ್ಕಳು. ಆದರೆ ಈ ಬರಹದ ಉದ್ದೇಶ ನಗಿಸುವುದಷ್ಟೇ ಅಲ್ಲ. ನಾನು ತೀರಿಸದೆ ಉಳಿಸಿಕೊಂಡ ಒಂದು ಋಣದ ವಿಷಯ ಇದರಲ್ಲಿದೆ. ನಿಮಗೆ ನಾನು ಹೇಳಿದ ಒಂದು ಸುಳ್ಳೂ ಇದೆ. ದಯವಿಟ್ಟು ಕೊನೆಯವರೆಗೆ ಓದಿ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವನೆಂಬುದು ಬಂಧುಗಳಿಗೆ ತಿಳಿದೇ ಇದೆ. ನಮ್ಮ ತಂದೆ ಕುಣಿಮಗ್ಗದ ಮುಂದೆ ಕುಳಿತು ರೇಷ್ಮೆ ಸೀರೆ ನೇಯುತ್ತಿದ್ದರು. ನಮ್ಮೂರಿನ ಸೀರೆಗೆ ಹೆಸರಿತ್ತು, ಆದರೆ ನೇಯ್ದವನ ಮನೆಯಲ್ಲಿ ಹಣವಿರಲಿಲ್ಲ. ನೂಲನ್ನು ಸಾಲವಾಗಿ ತರುವುದು, ಸೀರೆಯನ್ನು ಸಾಹುಕಾರರಿಗೆ ಕೊಡುವುದು, ಕೂಲಿಯಲ್ಲಿ ಸಾಲ ಮುರಿಸಿಕೊಂಡು ಉಳಿದದ್ದರಲ್ಲಿ ಬದುಕುವುದು. 1984ರ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗತೊಡಗಿತು. ಅಂಚಿನ ಬುಟ್ಟಾದಲ್ಲಿ ಎಳೆ ತಪ್ಪಲಾರಂಭಿಸಿತು. ಎಳೆ ತಪ್ಪಿದ ಸೀರೆಗೆ ಕೂಲಿ ಅರ್ಧ.

ಆ ವರ್ಷವೇ ನಾನು ಬೆಂಗಳೂರಿಗೆ ಬಂದು ಒಂದು ಪ್ರೌಢಶಾಲೆಗೆ ಸೇರಿದೆ. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇದೆ. ನನ್ನ ಹುದ್ದೆಗೆ ಸರ್ಕಾರದ ಅನುದಾನ ಇನ್ನೂ ಮಂಜೂರಾಗಿರಲಿಲ್ಲ. ಆಡಳಿತ ಮಂಡಳಿಯವರೇ ತಿಂಗಳಿಗೆ 350 ರೂಪಾಯಿ ಕೊಡುತ್ತಿದ್ದರು, ಅದೂ ಕೆಲವೊಮ್ಮೆ ಎರಡು ತಿಂಗಳಿಗೊಮ್ಮೆ. ಕಾಟನ್‌ಪೇಟೆಯಲ್ಲಿ ಒಂದು ಕೋಣೆ; ಅದರಲ್ಲಿ ಮೂವರು. ಆ ಮೂವರಲ್ಲಿ ಒಬ್ಬರು ನಮ್ಮ ಕಡೆಯವರೇ ಆದ ದರ್ಜಿ. ನನಗಿಂತ ಹಿರಿಯರು, ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಕಮರ್ಷಿಯಲ್ ಸ್ಟ್ರೀಟಿನ ಸಿದ್ಧ ಉಡುಪಿನ ಅಂಗಡಿಯೊಂದರಲ್ಲಿ ಅವರಿಗೆ ಕೆಲಸ.

ಆಗ ನಾನು ಕಡ್ಡಿಯಂತಿದ್ದೆ. ಆರಡಿ ಎತ್ತರ, ಐವತ್ತೆಂಟು ಕಿಲೋ ತೂಕ. ಅಣ್ಣ ಅಂಗಡಿಯಿಂದ ಪ್ಯಾಂಟು, ಕೋಟು ತಂದಾಗ ನನ್ನ ಮೇಲೆ ತೊಡಿಸಿ ಅಳತೆ ಸರಿಪಡಿಸುತ್ತಿದ್ದರು. ಒಂದು ದಿನ ನನ್ನನ್ನು ಹಿಂದುಮುಂದು ತಿರುಗಿಸಿ ನೋಡಿ, "ಏನಪ್ಪಾ, ಒಂದು ಕೆಲಸ ಇದೆ. ಗುರುವಾರ ರಾತ್ರಿ ಎರಡು ಗಂಟೆ ಹೊತ್ತಿನದು. 75 ರೂಪಾಯಿ, ಊಟ. ಬಟ್ಟೆ ಹಾಕ್ಕೊಂಡು ನಡೆದರೆ ಆಯ್ತು" ಎಂದರು. ಐದು ದಿನದ ಸಂಬಳಕ್ಕಿಂತ ಹೆಚ್ಚು! ಎಲ್ಲಿ ನಡೆಯಬೇಕೆಂದು ಕೇಳುವ ಮೊದಲೇ ಒಪ್ಪಿಕೊಂಡೆ.

ಆ ಕಾಲದ ಹಿನ್ನೆಲೆಯನ್ನು ಚಿಕ್ಕವರಿಗಾಗಿ ಸ್ವಲ್ಪ ಹೇಳಬೇಕು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತ್ತು. ವಿಮಲ್‌ನಂಥ ಬಟ್ಟೆಯ ಕಂಪನಿಗಳು ತಮ್ಮ ಸೀರೆ, ಸೂಟಿಂಗ್‌ಗಳ ಪ್ರಚಾರಕ್ಕಾಗಿ ದೊಡ್ಡ ಊರುಗಳಲ್ಲಿ ಫ್ಯಾಷನ್ ಶೋ ನಡೆಸುತ್ತಿದ್ದವು. ಅವುಗಳಲ್ಲಿ ನಡೆಯುವವರು ಬಹುಮಟ್ಟಿಗೆ ಮುಂಬಯಿಯ ವೃತ್ತಿಪರರು. ಅದನ್ನು ನೋಡಿ ಸಣ್ಣ ಅಂಗಡಿಯವರಿಗೂ ಆಸೆ. ಅತ್ತ ನೈಟ್ ಕ್ಲಬ್ಬಿನ ಮಾಲೀಕರಿಗೆ ಶನಿವಾರ ಬಿಟ್ಟರೆ ಉಳಿದ ದಿನ ಗಿರಾಕಿಗಳಿಲ್ಲದ ಚಿಂತೆ. ಇಬ್ಬರೂ ಸೇರಿ ಒಂದು ಉಪಾಯ ಹೂಡಿದರು. ತಿಂಗಳ ಕೊನೆಯ ಗುರುವಾರ ಹವ್ಯಾಸಿಗಳ ಫ್ಯಾಷನ್ ಶೋ. ಬಟ್ಟೆ ಅಂಗಡಿಯದು, ಜಾಗ ಕ್ಲಬ್ಬಿನದು, ನಡೆಯುವವರು ನಮ್ಮಂಥವರು. ನಡೆಯುವವರ ಸ್ನೇಹಿತರೂ ನೋಡಲು ಬರುತ್ತಾರೆ, ಬಂದವರು ಏನಾದರೂ ಕುಡಿಯುತ್ತಾರೆ, ಎಲ್ಲರಿಗೂ ಲಾಭ.

ನಡೆಯುವವರು ಯಾರೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಬ್ಯಾಂಕಿನ ಗುಮಾಸ್ತರೊಬ್ಬರು, ಇಬ್ಬರು ಕಾಲೇಜು ಹುಡುಗರು, ಗಾರ್ಮೆಂಟ್ಸ್ ಕಾರ್ಖಾನೆಯ ಚೆಕಿಂಗ್ ವಿಭಾಗದ ಒಬ್ಬ ಹುಡುಗಿ, ಲಿಂಗರಾಜಪುರದ ಕಡೆಯ ಆಂಗ್ಲೋ ಇಂಡಿಯನ್ ಅಣ್ಣ-ತಂಗಿ. ನಮಗೆ ನಡಿಗೆ ಕಲಿಸುತ್ತಿದ್ದವರು ನೃತ್ಯ ಹೇಳಿಕೊಡುತ್ತಿದ್ದ ಐವತ್ತು ದಾಟಿದ ಹೆಂಗಸು. ಅವರನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. ಇಂಗ್ಲಿಷ್, ತಮಿಳು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಬೈಯುತ್ತಿದ್ದರು.

ವೇದಿಕೆಯೆಂದರೆ ಏನು? ಸೋಡಾ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ಮೇಲೆ ಪ್ಲೈವುಡ್ ಹಾಕಿ, ಕಪ್ಪು ಜಮಖಾನ ಹಾಸಿದ್ದು. ನಡುವೆ ಕಾಲಿಟ್ಟರೆ ಕಿರ್ ಎನ್ನುತ್ತಿತ್ತು. ಬಟ್ಟೆ ಬದಲಿಸುವ ಕೋಣೆ ಅಡುಗೆಮನೆಯ ಉಗ್ರಾಣ. ಈರುಳ್ಳಿ ಚೀಲದ ಮೇಲೆ ಕೋಟು, ಎಣ್ಣೆ ಡಬ್ಬದ ಮೇಲೆ ಕನ್ನಡಿ. ಬಟ್ಟೆಗಳು ಮರುದಿನ ಅಂಗಡಿಗೆ ಮರಳಿ ಮಾರಾಟವಾಗಬೇಕು. ಆದ್ದರಿಂದ ಬೆಲೆಯ ಚೀಟಿಯನ್ನು ಕತ್ತರಿಸದೆ ಒಳಕ್ಕೆ ಮಡಚಿ ಪಿನ್ನು ಹಾಕುತ್ತಿದ್ದರು. ಶೂಗಳ ಅಡಿಗೆ ಅಂಟುಪಟ್ಟಿ ಮೆತ್ತುತ್ತಿದ್ದರು, ಸವೆದ ಗುರುತು ಬೀಳಬಾರದೆಂದು. ಬೆವರಿನ ಕಲೆಯಾದರೆ ಅಂಗಡಿಯವರು ಹಣ ಮುರಿದುಕೊಳ್ಳುತ್ತಿದ್ದರು. ಕಂಕುಳಿಗೆ ಹತ್ತಿ ಇಟ್ಟುಕೊಳ್ಳುವುದು ಕಡ್ಡಾಯ. ಸೊಂಟಕ್ಕೆ ಸಡಿಲವಾದ ಪ್ಯಾಂಟನ್ನು ಬೆನ್ನ ಹಿಂದೆ ನಾಲ್ಕೈದು ಪಿನ್ನುಗಳಿಂದ ಹಿಡಿದು ನಿಲ್ಲಿಸುತ್ತಿದ್ದರು. ಮುಂದಿನಿಂದ ನೋಡಿದರೆ ರಾಜಕುಮಾರ, ಹಿಂದಿನಿಂದ ಬೆದರುಬೊಂಬೆ. ತಿರುಗುವಾಗ ಕೋಟು ಮೇಲೇಳದಂತೆ ತಿರುಗುವುದೇ ದೊಡ್ಡ ವಿದ್ಯೆ.

ಮೊದಲ ದಿನ ನಾನು ನೆಲ ನೋಡುತ್ತ ನಡೆದೆ. ಕೈಗಳು ಎರಡು ಸೌದೆಯಂತೆ ಅಂಟಿಕೊಂಡಿದ್ದವು. ಆಂಟಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ನಿನ್ನನ್ನು ನೋಡ್ತಾರೆ ಅಂತ ಹೆದರ್ತೀಯಾ? ನಿನ್ನನ್ನು ಯಾರು ನೋಡ್ತಾರೆ ಮ್ಯಾನ್! ಬಟ್ಟೆ ನೋಡ್ತಾರೆ. ನೀನು ಬಟ್ಟೆಗೆ ದಾರಿ ಬಿಡು."

ನೇಕಾರನ ಮಗನಿಗೆ ಈ ಮಾತು ನಾಟದೆ ಇದ್ದೀತೇ? ನಾಲ್ಕನೆಯ ಅಥವಾ ಐದನೆಯ ಶೋದಲ್ಲಿ ನನಗೊಂದು ರೇಷ್ಮೆಯ ಜುಬ್ಬ ಕೊಟ್ಟರು. ಕತ್ತಲ ಉಗ್ರಾಣದಲ್ಲಿ ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ಕೈಮಗ್ಗದ್ದೆಂದು ಬೆರಳು ಹೇಳಿತು. ಹಾಸು ಬಿಗಿ, ಹೊಕ್ಕು ಒಂದು ಗೆರೆ ಸಡಿಲ. ಎಲ್ಲೋ ಒಬ್ಬ ವಯಸ್ಸಾದವನು ಸಂಜೆಯ ಬೆಳಕಿನಲ್ಲಿ ಲಾಳಿ ಎಸೆದಿದ್ದಾನೆ ಎನಿಸಿತು. ಅಂದು ನಾನು ಮೊದಲ ಬಾರಿಗೆ ತಲೆಯೆತ್ತಿ ನಡೆದೆ. ಬೆಳಕು ಬಟ್ಟೆಯ ಮೇಲೆ ಹರಿದಾಗ ಜನ ಚಪ್ಪಾಳೆ ತಟ್ಟಿದರು. ನಮ್ಮ ಅಪ್ಪ ನೇಯ್ದ ಬಟ್ಟೆಯನ್ನು ಯಾರಾದರೂ ಹೀಗೆ ಚಪ್ಪಾಳೆ ತಟ್ಟಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಹಣದ ಅವಶ್ಯಕತೆಗಾಗಿ ಹೋದೆ ಎಂದು ಬರೆದು ಮುಗಿಸಿದರೆ ಅದು ಅರ್ಧ ಸತ್ಯ. ಹನ್ನೊಂದು ಶೋಗಳಿಂದ ಬಂದ 825 ರೂಪಾಯಿಯಲ್ಲಿ ಬಹುಭಾಗವನ್ನು ಅಪ್ಪನ ನೂಲಿನ ಸಾಲಕ್ಕೆ ಮನಿಯಾರ್ಡರ್ ಮಾಡಿದ್ದು ನಿಜ. ಆದರೆ ನನಗೆ ಅದು ಇಷ್ಟವಾಗಿತ್ತು ಎಂಬುದೂ ಅಷ್ಟೇ ನಿಜ. ಕಪ್ಪು ಬಣ್ಣದ, ಉದ್ದ ಕತ್ತಿನ ಹುಡುಗನೆಂದು ಊರಿನಲ್ಲಿ ಕರೆಸಿಕೊಂಡಿದ್ದವನು ನಾನು. ಯಾರೂ ಎರಡನೆಯ ಸಲ ತಿರುಗಿ ನೋಡದ ಮುಖ. ಅಲ್ಲಿ ಹತ್ತು ಹೆಜ್ಜೆಗಳಷ್ಟು ದೂರ, ಅರ್ಧ ನಿಮಿಷದಷ್ಟು ಹೊತ್ತು, ನಾನು ನೋಡಲು ಯೋಗ್ಯನಾದವನಾಗಿದ್ದೆ. ನಾಚಿಕೆಯಿಂದ ಇದನ್ನು ನಲವತ್ತು ವರ್ಷ ಯಾರಿಗೂ ಹೇಳಲಿಲ್ಲ.

ಶುಕ್ರವಾರದ ಬೆಳಗ್ಗೆಗಳು ಮಾತ್ರ ಭಯದವು. ಒಮ್ಮೆ ಹಳಗನ್ನಡ ಪದ್ಯದ ಅನ್ವಯ ಹೇಳುತ್ತಿದ್ದಾಗ ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಿಮ್ಮ ಕಿವಿ ಹತ್ರ ಏನೋ ಮಿಂಚ್ತಿದೆ" ಎಂದ. ರಾತ್ರಿ ಬಳಿದ ಹೊಳೆಯುವ ಪುಡಿ! ಸುಣ್ಣದ ಪುಡಿಯೆಂದು ಹೇಳಿ ಒರೆಸಿಕೊಂಡೆ.

ಇನ್ನೊಂದು ಪ್ರಸಂಗ. ಎರಡನೆಯ ಶೋ ಮುಗಿಸಿ ಉಗ್ರಾಣದ ಕಡೆ ಬರುತ್ತಿದ್ದೆ. ಎದುರಿಗೆ ತಟ್ಟೆ ಹಿಡಿದ ವೇಟರ್ ಒಬ್ಬರು ಕಲ್ಲಿನಂತೆ ನಿಂತರು. ನನ್ನ ಎಂಟನೆಯ ತರಗತಿಯ ವಿದ್ಯಾರ್ಥಿಯ ತಂದೆ! ಶಾಲೆಯ ದಾಖಲಾತಿಯಲ್ಲಿ ಅವರ ಉದ್ಯೋಗ "ಖಾಸಗಿ ಕಚೇರಿ" ಎಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಸ್ವಲ್ಪ ಹೊತ್ತು ನಿಂತೆವು. ಕೊನೆಗೆ ಅವರೇ ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ಮಗನಿಗೆ ನಾನು ಆಫೀಸಿನಲ್ಲಿ ರಾತ್ರಿ ಪಾಳಿ ಅಂತ ಹೇಳಿದ್ದೀನಿ" ಎಂದರು. "ನಾನು ನಿಮ್ಮನ್ನು ನೋಡಿಲ್ಲ" ಎಂದೆ. "ನಾನೂ ನಿಮ್ಮನ್ನು ನೋಡಿಲ್ಲ ಸ್ವಾಮಿ" ಎಂದು ಅವರು ನಡೆದರು. ಅಂದಿನಿಂದ ಪ್ರತಿ ಶೋದ ರಾತ್ರಿ ನನ್ನ ಊಟದ ತಟ್ಟೆಯಲ್ಲಿ ಒಂದು ಹೋಳಿಗೆಯಷ್ಟು ಸಿಹಿ ಹೆಚ್ಚಾಗಿ ಇರುತ್ತಿತ್ತು. ಅವರು ಕೊನೆಯವರೆಗೂ ಮಾತು ಉಳಿಸಿಕೊಂಡರು.

ಆದರೆ ಗುಟ್ಟು ಎಷ್ಟು ದಿನ ನಿಂತೀತು? 1986ರ ಏಪ್ರಿಲ್‌ನಲ್ಲಿ ಮುಖ್ಯೋಪಾಧ್ಯಾಯರು ನನ್ನನ್ನು ಕೋಣೆಗೆ ಕರೆಸಿದರು. ಅವರು ಖಾದಿ ಧರಿಸುವ, ಕಡಿಮೆ ಮಾತಿನ, ಬಹಳ ಶಿಸ್ತಿನ ಮನುಷ್ಯ. ಮೇಜಿನ ಮೇಲೆ ಒಂದು ಮೂಗರ್ಜಿ. "ತಮ್ಮ ಶಾಲೆಯ ಕನ್ನಡ ಪಂಡಿತರು ಹೆಂಡದಂಗಡಿಯಲ್ಲಿ ಕುಣಿಯುತ್ತಾರೆ" ಎಂದು ಆರಂಭವಾಗಿ ಒಂದು ಪುಟದಷ್ಟಿತ್ತು. ನನ್ನ ಕಾಲುಗಳು ತಣ್ಣಗಾದವು. ಹುದ್ದೆಯ ಅನುದಾನದ ಕಡತ ಆಗಷ್ಟೇ ಇಲಾಖೆಗೆ ಹೋಗಿತ್ತು. ಒಂದು ಮಾತು ಸಾಕಿತ್ತು, ಎಲ್ಲವೂ ಮುಗಿಯಲು.

"ಓದಿದಿರಾ?" ಎಂದರು.

"ಓದಿದೆ ಸಾರ್."

"ಅಲ್ಲಿ ಕುಡಿಯುತ್ತೀರಾ?"

"ಇಲ್ಲ ಸಾರ್. ಬಟ್ಟೆ ಹಾಕಿಕೊಂಡು ನಡೆಯುತ್ತೇನೆ. ಹಣ ಕೊಡುತ್ತಾರೆ."

ಅವರು ಮೇಜಿನ ಸೆಳೆಯನ್ನು ಎಳೆದು ಕೆಂಪು ಶಾಯಿಯ ಪೆನ್ನನ್ನು ತೆಗೆದು ನನ್ನ ಮುಂದಿಟ್ಟರು. "ಇದರಲ್ಲಿ ಕಾಗುಣಿತದ ತಪ್ಪುಗಳಿವೆ. ತಿದ್ದಿ ಕೊಡಿ" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ತಮಾಷೆ ಮಾಡುವವರಲ್ಲ. ನಿಂತುಕೊಂಡೇ ತಿದ್ದಿದೆ. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ, ಎಲ್ಲ ಸೇರಿ ಏಳು ತಪ್ಪುಗಳು. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಈ ಕಾಗದದಲ್ಲಿ ನಾವು ಸರಿಪಡಿಸಬೇಕಾದದ್ದು ಇಷ್ಟೇ" ಎಂದು ಅದನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. "ಹತ್ತನೆಯ ತರಗತಿಗೆ ಗಂಟೆ ಹೊಡೆದಿದೆ. ಹೋಗಿ."

ಇಷ್ಟೇ. ಆ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ. ಆ ಬಳಿಕ ಎರಡು ಶೋಗಳಲ್ಲಿ ನಡೆದೆ. ಜೂನ್‌ನಲ್ಲಿ ನನ್ನ ಹುದ್ದೆಗೆ ಅನುದಾನ ದೊರೆಯಿತು, ನಡೆಯುವುದನ್ನು ಬಿಟ್ಟೆ. ಕ್ಲಬ್ಬೂ ಕೆಲವು ವರ್ಷಗಳಲ್ಲಿ ಮುಚ್ಚಿತು. ಮುಖ್ಯೋಪಾಧ್ಯಾಯರು 1991ರಲ್ಲಿ ನಿವೃತ್ತರಾದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸೊಗಸಾದ ಕಥೆ. ಆದರೆ ಮುಂದಿನದನ್ನೂ ಬರೆಯಲೇಬೇಕು.

1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾದರು, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಕಾಲೇಜುಗಳ ಉತ್ಸವಗಳಲ್ಲಿ ಫ್ಯಾಷನ್ ಶೋ ಸಾಮಾನ್ಯವಾಯಿತು. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಅಮಿತಾಭ್ ಬಚ್ಚನ್ ಅವರ ಕಂಪನಿ ಅದನ್ನು ಏರ್ಪಡಿಸಿತ್ತು. ಗ್ರೀಸ್ ದೇಶದ ಐರಿನ್ ಸ್ಕ್ಲಿವಾ ಗೆದ್ದರು. ಅದಕ್ಕೆ ಎಷ್ಟು ಪ್ರತಿಭಟನೆ ನಡೆಯಿತೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ರೈತ ಸಂಘದವರು, ಮಹಿಳಾ ಸಂಘಟನೆಗಳವರು, ಸಂಸ್ಕೃತಿಯ ಹೆಸರು ಹೇಳುವವರು, ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಬೀದಿಗಿಳಿದಿದ್ದರು. ಈಜುಡುಗೆಯ ಸುತ್ತನ್ನು ಸೀಷೆಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಆ ವಿರೋಧದಲ್ಲಿ ಯೋಚಿಸಬೇಕಾದ ಮಾತುಗಳೂ ಇದ್ದವು. ಹೆಣ್ಣಿನ ದೇಹವನ್ನು ಸರಕು ಮಾರಲು ಬಳಸುವುದು ಸರಿಯೇ ಎಂಬ ಪ್ರಶ್ನೆ ಸಣ್ಣದಲ್ಲ. ಆದರೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆಯುತ್ತಿದ್ದ ಚರ್ಚೆ ಅಷ್ಟು ಎತ್ತರದ್ದಾಗಿರಲಿಲ್ಲ. "ಮನೆತನದ ಹೆಣ್ಣುಮಕ್ಕಳು ಮಾಡುವ ಕೆಲಸವೇ ಇದು?" ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ನಾನು ಚಹಾ ಕುಡಿಯುತ್ತ ತಲೆಯಾಡಿಸುತ್ತಿದ್ದೆ.

ಆ ವೇಳೆಗೆ ನಮ್ಮ ಶಾಲೆಗೆ ಗಣಿತಕ್ಕೆ ಒಬ್ಬ ಹೊಸ ಶಿಕ್ಷಕಿ ಬಂದಿದ್ದರು. ಇಪ್ಪತ್ತನಾಲ್ಕು ವಯಸ್ಸು, ತಾತ್ಕಾಲಿಕ ನೇಮಕ, ತಿಂಗಳಿಗೆ 1,200 ರೂಪಾಯಿ. 1996ರಿಂದ 1998ರವರೆಗೆ ಹತ್ತನೆಯ ತರಗತಿ ದಾಟಿದವರಿಗೆ ಅವರು ನೆನಪಿರಲೇಬೇಕು. ಬೀಜಗಣಿತವೆಂದರೆ ಅಳುತ್ತಿದ್ದ ಹೆಣ್ಣುಮಕ್ಕಳನ್ನು ಕರಿಹಲಗೆಯ ಬಳಿ ಕರೆದು, ಸೀಮೆಸುಣ್ಣ ಕೊಟ್ಟು, ತಪ್ಪು ಮಾಡಲು ಧೈರ್ಯ ತುಂಬುತ್ತಿದ್ದವರು. ಅವರ ತರಗತಿಯಿಂದ ನಗು ಕೇಳಿಸುತ್ತಿತ್ತು. ಗಣಿತದ ತರಗತಿಯಿಂದ!

1997ರ ಆಗಸ್ಟ್‌ನಲ್ಲಿ ಒಂದು ದಿನಪತ್ರಿಕೆಯ ನಗರ ಪುಟದಲ್ಲಿ ಅಂಗೈಯಗಲದ ಚಿತ್ರ ಬಂದಿತು. ಎಂ.ಜಿ. ರಸ್ತೆಯ ಸಮೀಪದ ನೈಟ್ ಕ್ಲಬ್ಬೊಂದರಲ್ಲಿ ಹವ್ಯಾಸಿಗಳ ಫ್ಯಾಷನ್ ಶೋ. ನಡೆಯುತ್ತಿರುವ ಮೂವರಲ್ಲಿ ಒಬ್ಬರು ಅವರು. ಮೊಣಕಾಲಿನವರೆಗಿನ ಉಡುಪು, ತಲೆಯೆತ್ತಿದ ನೋಟ. ದೃಷ್ಟಿ ಕೊನೆಯ ಸಾಲಿನವರ ತಲೆಯ ಮೇಲಕ್ಕೆ ಇತ್ತು. ಚಿತ್ರ ನೋಡಿದ ಕೂಡಲೇ ನನಗೆ ಮೊದಲು ಹೊಳೆದದ್ದು, ಇವರಿಗೆ ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಎಂಬುದು.

ಎರಡು ದಿನದಲ್ಲಿ ಮೂಗರ್ಜಿ ಬಂತು. ಚಿತ್ರವನ್ನು ಕತ್ತರಿಸಿ ಅದಕ್ಕೆ ಅಂಟಿಸಿದ್ದರು. ಆಡಳಿತ ಮಂಡಳಿಯ ಸಭೆ ಸೇರಿತು. ಹಿರಿಯ ಶಿಕ್ಷಕನೆಂದು ನನ್ನನ್ನೂ ಕರೆದಿದ್ದರು. ಅಧ್ಯಕ್ಷರಿಗೆ ಕನ್ನಡಕ ಮರೆತುಹೋಗಿತ್ತು. "ಕನ್ನಡ ಮೇಷ್ಟ್ರು ಇದ್ದಾರಲ್ಲ, ಅವರೇ ಓದಲಿ" ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

ನಾನು ಎದ್ದು ನಿಂತು ಓದಿದೆ. ಆ ಶಿಕ್ಷಕಿ ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು. ಅದರಲ್ಲಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ನಾನು ಒಂದು ಕಡೆಯೂ ತಡವರಿಸಲಿಲ್ಲ. ಅಷ್ಟೇ ಅಲ್ಲ, ಆ ಕಾಗದದ ತುಂಬ ಕಾಗುಣಿತದ ತಪ್ಪುಗಳಿದ್ದವು, ಕೆಲವು ವಾಕ್ಯಗಳಿಗೆ ಕ್ರಿಯಾಪದವೇ ಇರಲಿಲ್ಲ. ನಾನು ಅಭ್ಯಾಸಬಲದಿಂದ ಎಲ್ಲವನ್ನೂ ಬಾಯಲ್ಲೇ ತಿದ್ದಿಕೊಂಡು, ವಾಕ್ಯ ಪೂರ್ಣಗೊಳಿಸಿಕೊಂಡು, ಸ್ಪಷ್ಟವಾದ ಉಚ್ಚಾರಣೆಯಲ್ಲಿ ಓದಿದೆ. ಬರೆದವನು ಬರೆದುದಕ್ಕಿಂತ ಅದು ಚೆನ್ನಾಗಿ ಕೇಳಿಸಿತು. ಹನ್ನೊಂದು ವರ್ಷಗಳ ಹಿಂದೆ ಕೆಂಪು ಶಾಯಿಯಿಂದ ತಿದ್ದಿ ನನ್ನ ಅನ್ನ ಉಳಿಸಿಕೊಂಡಿದ್ದ ಕೈಯೇ ಆ ಕಾಗದವನ್ನು ಹಿಡಿದಿತ್ತು.

ಅವರು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಪಾಠದಲ್ಲಿ ಏನಾದರೂ ಲೋಪವಾಗಿದೆಯೇ?" ಯಾರೂ ಉತ್ತರಿಸಲಿಲ್ಲ. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನನ್ನ ಮುಖವನ್ನೂ ನೋಡಿದರು. "ಇಲ್ಲ, ನಿಮ್ಮಂಥ ಗಣಿತ ಶಿಕ್ಷಕಿ ಈ ಶಾಲೆಗೆ ಬಂದಿಲ್ಲ. ಅಂಥ ಶೋದಲ್ಲಿ ನಾನೂ ನಡೆದಿದ್ದೇನೆ" ಎಂಬ ಎರಡು ವಾಕ್ಯಗಳು ನನ್ನ ಬಾಯಲ್ಲಿದ್ದವು. ಆಗ ನನ್ನ ಹುದ್ದೆ ಕಾಯಂ. ನನ್ನನ್ನು ಯಾರೂ ತೆಗೆಯುವಂತಿರಲಿಲ್ಲ. ಹೆಚ್ಚೆಂದರೆ ನಗುತ್ತಿದ್ದರು. ಗಂಡಸು ನಡೆದರೆ ತಮಾಷೆ, ಹೆಣ್ಣು ನಡೆದರೆ ಕಳಂಕ. ನನಗೆ ಆಗಬಹುದಾಗಿದ್ದ ನಷ್ಟ ಅಷ್ಟೇ, ಒಂದಿಷ್ಟು ನಗೆ. ಅದಕ್ಕೂ ಹೆದರಿ ನಾನು ಕುಳಿತುಕೊಂಡೆ.

ತಿಂಗಳ ಕೊನೆಗೆ ಅವರು ಹೊರಟುಹೋದರು. ಹತ್ತನೆಯ ತರಗತಿ 'ಬಿ' ವಿಭಾಗದ ಮಕ್ಕಳು, "ಟೀಚರ್ ಯಾಕೆ ಬರ್ತಿಲ್ಲ ಸಾರ್?" ಎಂದು ನನ್ನನ್ನು ಕೇಳಿದಿರಿ. "ಅವರಿಗೆ ಮದುವೆ ನಿಶ್ಚಯವಾಗಿದೆ" ಎಂದೆ. ಅದು ಸುಳ್ಳು. ಅವರಿಗಾಗಿ ನೀವೆಲ್ಲ ಹಣ ಸೇರಿಸಿ ಒಂದು ಗೋಡೆ ಗಡಿಯಾರ ತಂದಿರಿ. ತಲುಪಿಸುತ್ತೇನೆಂದು ನಾನೇ ತೆಗೆದುಕೊಂಡೆ. ವಿಳಾಸವಿಲ್ಲವೆಂಬ ನೆಪದಿಂದ ಅದನ್ನು ಶಾಲೆಯ ಕಚೇರಿಯಲ್ಲಿ ತೂಗುಹಾಕಿಸಿದೆ. ನಾನು ನಿವೃತ್ತನಾಗುವವರೆಗೂ ಅದು ಅಲ್ಲಿಯೇ ಇತ್ತು. ಅದರಲ್ಲಿ ಸಮಯ ನೋಡುವುದನ್ನು ನಾನು ತಪ್ಪಿಸುತ್ತಿದ್ದೆ.

ಒಂದು ವ್ಯಂಗ್ಯವನ್ನು ಗಮನಿಸಿ. ಅದೇ 1997ರಲ್ಲಿ ಕೇಂದ್ರ ಸರ್ಕಾರದ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ನಮ್ಮ ಶಾಲೆಯ ಕೆಲವು ವಿದ್ಯಾರ್ಥಿನಿಯರೇ ಮುಂದೆ ಅಂಥ ಕೋರ್ಸುಗಳಿಗೆ ಸೇರಿದರು. ಅವರಿಗೆ ಶಿಫಾರಸು ಪತ್ರ ಬರೆದುಕೊಟ್ಟವನೂ ನಾನೇ.

ಆ ವರ್ಷದ ದೀಪಾವಳಿಗೆ ನಿವೃತ್ತ ಮುಖ್ಯೋಪಾಧ್ಯಾಯರ ಮನೆಗೆ ನಮಸ್ಕಾರ ಮಾಡಲು ಹೋಗಿದ್ದೆ. ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಸಭೆಯಲ್ಲಿ ನೀವಿದ್ದಿರಂತೆ. ಏನು ಹೇಳಿದಿರಿ?" ಎಂದು ಕೇಳಿದರು. "ಏನೂ ಹೇಳಲಿಲ್ಲ ಸಾರ್" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ತಿರುಗಿ, "ಮೇಷ್ಟ್ರಿಗೆ ಕಾಫಿ ತನ್ನಿ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಕಾಫಿ ಕುಡಿದು ಬಂದೆ. ಎರಡು ವರ್ಷಗಳ ನಂತರ ಅವರು ತೀರಿಕೊಂಡರು.

2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಹೆಣ್ಣುಮಕ್ಕಳನ್ನು ಹೊಡೆದು ಅಟ್ಟಿಸಿಕೊಂಡು ಹೋದುದನ್ನು ಟಿ.ವಿ.ಯಲ್ಲಿ ತೋರಿಸಿದರು. ಮರುದಿನ ಅಧ್ಯಾಪಕರ ಕೊಠಡಿಯಲ್ಲಿ, "ಹೊಡೆದದ್ದು ತಪ್ಪು, ಆದರೂ ಇವರು ಅಲ್ಲಿಗೆ ಹೋಗಬೇಕಿತ್ತೇ?" ಎಂದು ಯಾರೋ ಆರಂಭಿಸಿದರು. ಅಂದು ಮೊದಲ ಸಲ ನಾನು ಬಾಯಿ ತೆರೆದೆ. "ಆ 'ಆದರೂ' ಎಂಬ ಪದ ನನಗೆ ಗೊತ್ತು. ಅದನ್ನು ಬಿಟ್ಟು ಮಾತನಾಡೋಣ" ಎಂದೆ. ಎಲ್ಲರೂ ವಿಚಿತ್ರವಾಗಿ ನೋಡಿದರು. ಅಷ್ಟಕ್ಕೇ ಹನ್ನೆರಡು ವರ್ಷ ಬೇಕಾಯಿತು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಹೆಂಗಸು, "ನಮಸ್ಕಾರ ಸರ್, ಗುರುತು ಸಿಕ್ಕಿತೇ?" ಎಂದರು. ಕೂದಲು ಅರ್ಧ ನೆರೆತಿತ್ತು, ಆದರೆ ಆ ತಲೆಯೆತ್ತಿದ ನೋಟ ಹಾಗೆಯೇ ಇತ್ತು. ಶಾಲೆ ಬಿಟ್ಟ ಮೇಲೆ ಅವರು ಪರೀಕ್ಷೆ ಬರೆದು ಬ್ಯಾಂಕಿಗೆ ಸೇರಿದರಂತೆ, ಈಗ ವ್ಯವಸ್ಥಾಪಕರು. "ಮತ್ತೆ ಪಾಠ ಮಾಡಲಿಲ್ಲವೇ?" ಎಂದೆ. "ಇಲ್ಲ ಸರ್. ಎರಡು ಕಡೆ ಅರ್ಜಿ ಹಾಕಿದ್ದೆ. ಹಿಂದಿನ ಶಾಲೆ ಯಾಕೆ ಬಿಟ್ಟಿರಿ ಅಂತ ಕೇಳುತ್ತಿದ್ದರು. ಆಮೇಲೆ ತರಗತಿಯ ಬಾಗಿಲಿಗೆ ಹೋಗಲು ಮನಸ್ಸಾಗಲಿಲ್ಲ" ಎಂದರು.

ಊಟ ಮುಗಿದ ಮೇಲೆ ಛತ್ರದ ಹಿಂಬದಿಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ನೆಲಮಾಳಿಗೆ, ಹನ್ನೊಂದು ಶೋ, ಕೆಂಪು ಶಾಯಿ, ನಾನು ಬಾಯಲ್ಲೇ ತಿದ್ದಿ ಓದಿದ್ದು, ಗೋಡೆ ಗಡಿಯಾರ. ಅವರು ನಡುವೆ ಬಾಯಿ ಹಾಕದೆ ಕೇಳಿದರು. "ನಿಮಗೂ ಹಣದ ತೊಂದರೆ ಇತ್ತೇ?" ಎಂದು ಕೇಳಿದೆ. "ಸ್ವಲ್ಪ ಇತ್ತು. ಆದರೆ ಅದಕ್ಕೇ ಅಂತಲ್ಲ. ನನಗೆ ಇಷ್ಟವಿತ್ತು ಸರ್" ಎಂದರು. ನಾನು ನಲವತ್ತು ವರ್ಷ ಮುಚ್ಚಿಟ್ಟ ಮಾತನ್ನು ಅವರು ಅಷ್ಟು ಸರಳವಾಗಿ ಹೇಳಿಬಿಟ್ಟರು.

ಕ್ಷಮೆ ಕೇಳಿದೆ. ಅವರು ಪರವಾಗಿಲ್ಲ ಎನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇದನ್ನು ಆವತ್ತು ಹೇಳಿದ್ದರೆ ಚೆನ್ನಾಗಿರುತ್ತಿತ್ತು ಸರ್" ಎಂದರು. ಅದರಲ್ಲಿ ಕೋಪವಿರಲಿಲ್ಲ. ಒಂದು ಲೆಕ್ಕವನ್ನು ನೋಡಿ ಎಲ್ಲಿ ತಪ್ಪಾಗಿದೆಯೆಂದು ತೋರಿಸುವ ಗಣಿತ ಶಿಕ್ಷಕಿಯ ಧ್ವನಿಯಿತ್ತು. ಇದನ್ನು ಬರೆಯಬಹುದೇ ಎಂದು ಕೇಳಿದ್ದಕ್ಕೆ ಒಪ್ಪಿದರು. ಹೆಸರು ಬರೆಯಬೇಡಿ ಎಂದರು. ಏಳುವಾಗ ನಕ್ಕು, "ತಿರುಗುವಾಗ ಎಷ್ಟು ಎಣಿಸುತ್ತಿದ್ದಿರಿ ಸರ್?" ಎಂದರು. "ಎರಡು" ಎಂದೆ. "ನಮಗೆ ಮೂರು" ಎಂದರು.

ನಮ್ಮ ಮುಖ್ಯೋಪಾಧ್ಯಾಯರು ನನಗೆ ಮಾಡಿದ ಉಪಕಾರವನ್ನು ಅವರಿಗೇ ಹಿಂತಿರುಗಿಸುವ ಅಗತ್ಯವಿರಲಿಲ್ಲ. ಮುಂದೆ ಒಬ್ಬರಿಗೆ ಅದೇ ಕುರ್ಚಿಯಲ್ಲಿ ಅದೇ ಕಷ್ಟ ಬಂದಾಗ ತಲುಪಿಸಬೇಕಾಗಿತ್ತು. ಆ ಅವಕಾಶ ನನಗೆ ಒಂದೇ ಸಲ ಬಂದಿತ್ತು. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು, ಅಧಿಕಾರಿಗಳಾಗಿರುವವರು ಬಹಳ ಜನರಿದ್ದೀರಿ. ನಿಮ್ಮ ಮೇಜಿಗೂ ಯಾರದಾದರೂ ಮೂಗರ್ಜಿ ಬಂದೀತು. ಆಗ ಈ ಮೇಷ್ಟ್ರನ್ನಲ್ಲ, ಆ ಮೇಷ್ಟ್ರನ್ನು ನೆನೆಯಿರಿ.

ಇನ್ನೊಂದು ಕೆಲಸವಿದೆ. 1997ರ ಹತ್ತನೆಯ ತರಗತಿ 'ಬಿ' ವಿಭಾಗದವರೇ, ನಿಮ್ಮ ಗಣಿತ ಟೀಚರ್ ಮದುವೆಗೆಂದು ಶಾಲೆ ಬಿಟ್ಟುಹೋಗಲಿಲ್ಲ. ನಿಮ್ಮ ಮೇಲೆ ಬೇಸರದಿಂದಲೂ ಹೋಗಲಿಲ್ಲ. ಅವರಿಂದ ಲೆಕ್ಕ ಕಲಿತದ್ದು ನಿಮಗೆ ನೆನಪಿದ್ದರೆ, ನನಗೆ ನಾಲ್ಕು ಸಾಲು ಬರೆದು ಕಳಿಸಿ. ಈ ಸಲ ನಾನೇ ಅವರ ಕೈಗೆ ತಲುಪಿಸುತ್ತೇನೆ. ಶಾಲೆಯ ಕಚೇರಿಗೆ ಹೋಗಿ ಆ ಗಡಿಯಾರವನ್ನೂ ಕೇಳಿದ್ದೇನೆ. ಅದು ನಿಂತುಹೋಗಿದೆಯಂತೆ, ರಿಪೇರಿ ಮಾಡಿಸಿ ಕೊಡುತ್ತೇನೆಂದು ಹೇಳಿ ಬಂದಿದ್ದೇನೆ.